ಸರದಿ ಇಲ್ಲದ ಆಟ

ನಮ್ಮ ಆಟದಲ್ಲಿ ರಾಕ್ಷಸರಿಗೂ ಒಂದು ಮರ್ಯಾದೆ ಇತ್ತು. ನಾವು ಏಟು ಕೊಟ್ಟ ಮೇಲೆ ಅವರು, ಅವರು ಕೊಟ್ಟ ಮೇಲೆ ನಾವು. ನಡುವೆ ಎಷ್ಟು ಹೊತ್ತು ಯೋಚಿಸಿದರೂ ಯಾರೂ ಮೈಮೇಲೆ ಬೀಳುತ್ತಿರಲಿಲ್ಲ. ಚೌಕಾಬಾರದಲ್ಲಿ ಕವಡೆ ಕೈಗೆ ಬರಲಿ ಎಂದು ಕಾಯುವವರ ಹಾಗೆ ಸುಮ್ಮನೆ ನಿಂತಿರುತ್ತಿದ್ದರು. ಕತ್ತಿ, ಮಂತ್ರ, ಹಾರುವ ಹಡಗುಗಳ ಆ ವಿಡಿಯೋ ಗೇಮ್ ನಾನು ಹುಟ್ಟಿದ ಸುಮಾರಿಗೇ ಶುರುವಾಗಿ, ಭಾಗದ ಮೇಲೆ ಭಾಗ ಬರುತ್ತಲೇ ಇತ್ತು. ಪ್ರತಿ ಭಾಗಕ್ಕೂ ಊರು, ಜನ, ಕಥೆ ಬೇರೆ. ಸರದಿಯ ನಿಯಮ ಮಾತ್ರ ಹೆಚ್ಚುಕಡಿಮೆ ಅದೇ.

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ನಾನು ಬೆಂಗಳೂರಿನ ವಿಜಯನಗರದಲ್ಲಿ ಬಿ.ಕಾಂ. ಓದುತ್ತಿದ್ದೆ. ಮನೆ ಮಾರೇನಹಳ್ಳಿ. ನಮ್ಮ ಹಸುಗಳ ಕೊಟ್ಟಿಗೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಅದರ ಕೆಳಗಿನ ಮಳಿಗೆಯಲ್ಲಿ ದೊಡ್ಡಪ್ಪನ ಮಗ ಗೇಮ್ ಪಾರ್ಲರ್ ಇಟ್ಟಿದ್ದ. ಅಲ್ಲಿ ಕೂತು ಆಡುತ್ತಿದ್ದ ಹುಡುಗಿ ನಾನೊಬ್ಬಳೇ. ನಮ್ಮವರದೇ ಅಂಗಡಿ ಎಂದು ಮನೆಯವರು ಸುಮ್ಮನಿದ್ದರು. ಪ್ರತಿ ಭಾಗವನ್ನೂ ನಾನೇ ಮೊದಲು ಮುಗಿಸುತ್ತಿದ್ದೆನಾದ್ದರಿಂದ ಹುಡುಗರೂ ಸುಮ್ಮನಿದ್ದರು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನ್ನನ್ನೇ ಕರೆಯುತ್ತಿದ್ದರು.

ಅದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬರು ಬಾಡಿಗೆಗಿದ್ದರು. ಮೂವತ್ತೈದರ ಆಸುಪಾಸಿನವರು, ರಾಜಾಜಿನಗರದ ಒಂದು ಕಾರ್ಖಾನೆಯ ಮಷೀನ್ ಶಾಪಿನಲ್ಲಿ ಕೆಲಸ. ಊರಲ್ಲಿದ್ದಾಗ ತಗಡು ಒತ್ತುವ ಪ್ರೆಸ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿದ್ದವು. ಭಾನುವಾರ ತಿಂಡಿ ಮುಗಿಸಿ ಕೆಳಗೆ ಬಂದು, ಮೂಲೆಯ ಟಿವಿ ಹಿಡಿದು, ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲೇ ಬಹುಪಾಲು ಗುಂಡಿ ಒತ್ತುತ್ತಿದ್ದರು. ನಿಧಾನ, ಆದರೆ ತಪ್ಪಿಲ್ಲ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ.

ಹೀಗಿರುವಾಗ, ಮುಂದಿನ ಭಾಗದಲ್ಲಿ ಸರದಿ ಇರುವುದಿಲ್ಲ ಎಂಬ ಸುದ್ದಿ ಬಂತು. ರಾಕ್ಷಸ ಕಣ್ಣೆದುರೇ ಓಡಾಡುತ್ತಾನೆ, ನಾವು ಯೋಚಿಸುತ್ತ ಕೂತರೆ ಹೊಡೆಯುತ್ತಾನೆ. ಪಾರ್ಲರಿನಲ್ಲಿ ಆ ವಾರ ಯಾರೂ ನೆಟ್ಟಗೆ ಆಡಲಿಲ್ಲ.

“ಮುಗೀತು ಕಣೋ ಮಗಾ. ಇನ್ಮೇಲೆ ಇದೂ ಎಲ್ಲಾ ಗೇಮ್ ಥರಾನೇ,” ಎಂದ ಒಬ್ಬ.

“ಹೊಸದು ಬರ್ಲಿ ಬಿಡು ಗುರು, ಎಷ್ಟು ವರ್ಷ ಅದೇ ಆಡೋದು,” ಎಂದ ಇನ್ನೊಬ್ಬ. ಅವನೊಂದಿಗೆ ಎರಡು ದಿನ ಯಾರೂ ಮಾತಾಡಲಿಲ್ಲ.

ನಾನು ಬರೀ ಬಾಯಲ್ಲಿ ಬೈದು ಸುಮ್ಮನಾಗುವವಳಲ್ಲ. ಆ ಆಟದ ಅಭಿಮಾನಿಗಳು ಬರೆಯುವ ಒಂದು ವೆಬ್‌ಸೈಟ್ ಇತ್ತು. ಸೈಬರ್ ಸೆಂಟರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಉದ್ದದ ಪತ್ರ ಬರೆದೆ. ಸರದಿ ತೆಗೆದರೆ ಆಟದ ಜೀವವೇ ಹೋಗುತ್ತದೆ ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ವಾದಕ್ಕೆ ಬಲ ಬರಲಿ ಎಂದು, ನನಗೆ ಗೊತ್ತಿರುವ ಒಬ್ಬರು ಕಾರ್ಮಿಕರಿದ್ದಾರೆ, ಎರಡು ಬೆರಳಿಲ್ಲ, ಈ ಬದಲಾವಣೆಯಿಂದ ಅವರು ‘ಹೆಲ್ಪ್‌ಲೆಸ್’ ಆಗುತ್ತಾರೆ ಎಂದೂ ಸೇರಿಸಿದೆ. ಪತ್ರ ಗೆದ್ದಿತು. ಯಾವ್ಯಾವುದೋ ದೇಶದವರು ಉತ್ತರ ಬರೆದರು, ಕಣ್ಣಲ್ಲಿ ನೀರು ಬಂತು ಎಂದರು. ದೊಡ್ಡಪ್ಪನ ಮಗ ಅದನ್ನು ಪ್ರಿಂಟ್ ತೆಗೆಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದ.

ಭಾನುವಾರ ಅಣ್ಣ ಬಂದವರು ಟಿವಿಯ ಹತ್ತಿರ ಹೋಗಲಿಲ್ಲ. ಗೋಡೆಯೆದುರು ನಿಂತು ಒಂದೊಂದೇ ಸಾಲು ಓದಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬಹುದು.

“ತಂಗಿ, ಇದನ್ನ ನೀ ಬರದೀ ಏನು?”

“ಹೌದು ಅಣ್ಣ.”

“ಇದರಾಗಿನ ಮನುಷ್ಯಾ ನಾನ ಹೌದಿಲ್ಲೋ?”

ತಲೆಯಾಡಿಸಿದೆ.

“ಹೊಸಾ ಆಟ ಆಡೀ ಏನು ನೀನು?”

“ಇನ್ನೂ ಬಂದಿಲ್ವಲ್ಲ ಅಣ್ಣ.”

“ನಾನೂ ಆಡಿಲ್ಲ. ಇಬ್ಬರೂ ಆಡದನ, ನನ್ನ ಕೈಲೆ ಆಗೂದಿಲ್ಲ ಅಂತ ನೀ ಹೆಂಗ ಬರದಿ?” ದನಿ ಏರಿರಲಿಲ್ಲ. “ಹೆಲ್ಪ್‌ಲೆಸ್ ಅಂದ್ರ ಏನಂತ ಗೊತ್ತದ ನನಗ. ಆಸ್ಪತ್ರಿಯೊಳಗ ಡಾಕ್ಟರ್ ಅಂದಿದ್ದರು. ಆಮ್ಯಾಲೆ ಹನ್ನೊಂದು ವರ್ಷ ದುಡದೇನಿ.”

ಆ ದಿನ ಅವರು ಆಡದೆ ಮೇಲೆ ಹೋದರು. ಹಾಳೆಯನ್ನು ನಾನೇ ಕಿತ್ತೆ. ಸಂಜೆ ಸೈಬರ್ ಸೆಂಟರಿಗೆ ಹೋಗಿ ಅವರ ಕುರಿತ ಸಾಲುಗಳನ್ನು ಅಳಿಸಿದೆ. ಅಭಿಮಾನಿಗಳು ರೇಗಿದರು. ಆಟ ತಯಾರಿಸುವ ಕಂಪನಿಗೆ ಹೆದರಿದೆ ಎಂದರು, ಆ ಕಾರ್ಮಿಕನೇ ಸುಳ್ಳು ಎಂದರು. ಕಣ್ಣೀರು ಬಂತು ಎಂದವರೂ ಅವರಲ್ಲಿದ್ದರು. ಒಬ್ಬರಿಗೂ ಉತ್ತರ ಬರೆಯಲಿಲ್ಲ. ಅಣ್ಣನ ಕ್ಷಮೆ ಕೇಳಲು ಮಾತ್ರ ಎರಡು ವಾರ ಹಿಡಿಯಿತು. ಕೇಳಿದಾಗ ಅವರು, “ಆತು ಬಿಡು, ಆಟ ಬರಲಿ,” ಎಂದರು.

ಆಟ ಬಂತು. ಎಲ್ಲರೂ ಒಂದು ಟಿವಿಗೆ ಮುಗಿಬಿದ್ದರು. ಸರದಿ ನಿಜಕ್ಕೂ ಇರಲಿಲ್ಲ. ಅದರ ಬದಲು ಇನ್ನೊಂದು ಏರ್ಪಾಡಿತ್ತು: ನಮ್ಮ ಪಡೆಯ ಪ್ರತಿಯೊಬ್ಬರಿಗೂ ಮೊದಲೇ ಆಜ್ಞೆಗಳ ಪಟ್ಟಿ ಬರೆದಿಡಬಹುದು. ಜೊತೆಯವನ ಜೀವ ಅರ್ಧಕ್ಕಿಳಿದರೆ ಮದ್ದು ಕೊಡು, ಎದುರಾಳಿ ಹಾರುವವನಾದರೆ ಬಾಣ ಬಿಡು, ಹೀಗೆ. ಆಮೇಲೆ ಅವರೇ ಹೊಡೆದಾಡಿಕೊಳ್ಳುತ್ತಾರೆ.

ಹುಡುಗರ ಹೊಸ ಸಿಟ್ಟು ಹಳೆಯದಕ್ಕಿಂತ ಜೋರಾಗಿತ್ತು. “ಎಲ್ಲಾ ಅದೇ ಆಡ್ಕೊಂಡ್ರೆ ನಾವ್ಯಾಕೆ ಮಗಾ ಇಲ್ಲಿ? ಟೀ ಕುಡ್ಕೊಂಡ್ ಬರೋಣ ಬಾ.” ನನಗೂ ಹಾಗೇ ಅನ್ನಿಸಿತ್ತು. ಪಟ್ಟಿಯನ್ನು ಮುಟ್ಟದೆ, ಪ್ರತಿ ಏಟನ್ನೂ ಕೈಯಾರೆ ಒತ್ತುತ್ತ ಆಡಿದೆ. ಕಷ್ಟಪಟ್ಟು ಗೆಲ್ಲುತ್ತಿದ್ದೆ, ಅದೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಅಣ್ಣ ಮೊದಲ ಭಾನುವಾರ ಪೂರ್ತಿ ಪಟ್ಟಿಯ ಪುಟದಲ್ಲೇ ಕಳೆದರು. ಒಂದು ಸಾಲು ಬರೆಯುವುದು, ಆಟದ ಬಯಲಿಗೆ ಹೋಗಿ ಒಂದು ತೋಳದೊಡನೆ ಹೊಡೆದಾಡಿ ನೋಡುವುದು, ವಾಪಸು ಬಂದು ಸಾಲುಗಳನ್ನು ಹಿಂದುಮುಂದು ಮಾಡುವುದು. ಮೂರನೆಯ ಭಾನುವಾರ ಅವರು, ನಾನು ನಾಲ್ಕು ಸಲ ಸೋತಿದ್ದ ಕಲ್ಲಿನ ದೈತ್ಯನ ಎದುರಿಗೆ ಹೋದರು. ಬಾಗಿಲು ತೆರೆಯುವ ಗುಂಡಿ ಒತ್ತಿ, ಜಾಯ್‌ಸ್ಟಿಕ್ಕನ್ನು ಬೆಂಚಿನ ಮೇಲಿಟ್ಟು ಕೈಕಟ್ಟಿ ಕೂತರು. ಅವರ ಮೂವರು ಯೋಧರು ಹೊಡೆದರು, ಬಿದ್ದರು, ಒಬ್ಬರನ್ನೊಬ್ಬರು ಎಬ್ಬಿಸಿದರು, ಮತ್ತೆ ಹೊಡೆದರು. ಟೀಗೆ ಹೊರಟಿದ್ದವರೂ ಬಾಗಿಲಲ್ಲೇ ನಿಂತು ನೋಡಿದರು. ದೈತ್ಯ ಉರುಳುವವರೆಗೆ ಅಣ್ಣ ಒಂದು ಗುಂಡಿಯನ್ನೂ ಮುಟ್ಟಲಿಲ್ಲ.

“ಇದು ಆಡಿದ್ದು ಅಂತ ಹೆಂಗಣ್ಣ ಆಗುತ್ತೆ? ನೀವು ಸುಮ್ನೆ ಕೂತಿದ್ರಿ,” ಎಂದ ಒಬ್ಬ.

“ನಾ ಫ್ಯಾಕ್ಟರಿಯೊಳಗ ಏನ್ ಕೆಲಸ ಮಾಡ್ತೇನಿ ಗೊತ್ತದ ಏನು ನಿನಗ? ಸೆಟ್ಟರ್. ಬೆಳಿಗ್ಗೆ ಮಷೀನ್ ಸೆಟ್ ಮಾಡಿಕೊಡೂದು. ಸೆಟ್ಟಿಂಗ್ ಚಲೋ ಇದ್ರ ಸಂಜೀ ತನಕ ಯಾರೂ ಕೈ ಹಚ್ಚಬಾರದು. ನಡುವ ಕೈ ಹಚ್ಚಬೇಕಾತಂದ್ರ ನಾ ತಪ್ಪು ಮಾಡೇನಿ ಅಂತ ಅರ್ಥ.”

ಅವರು ನಾಲ್ಕು ವರ್ಷ ನಮ್ಮ ಕಟ್ಟಡದಲ್ಲಿದ್ದೂ, ಅವರ ಕೈಗೆ ಏನಾಯಿತೆಂದು ನನಗೆ ಗೊತ್ತಿತ್ತು, ಆ ಕೈ ಏನು ಕೆಲಸ ಮಾಡುತ್ತದೆಂದು ಗೊತ್ತಿರಲಿಲ್ಲ. ನನ್ನ ಪತ್ರಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಆ ಭಾಗವನ್ನು ಪಾರ್ಲರಿನಲ್ಲಿ ಮೊದಲು ಮುಗಿಸಿದವರು ಅವರು. ನಾನು ಎರಡನೆಯವಳೂ ಆಗಲಿಲ್ಲ. ಕಲ್ಲಿನ ದೈತ್ಯನ ಹತ್ತಿರ ಇನ್ನೂ ಮೂರು ಸಲ ಸತ್ತ ಮೇಲೆ ನಾನೂ ಪಟ್ಟಿ ಬರೆದು, ಬೆಂಚಿನಲ್ಲಿ ಅವರ ಪಕ್ಕ ಹೋಗಿ ಕೂತು, “ಅಣ್ಣ, ನಂದೂ ಒಂಚೂರು ನೋಡ್ತೀರಾ?” ಎಂದೆ. ಅವಸರದಲ್ಲಿ ನಾನು ತುಂಬಿದ್ದ ಹನ್ನೆರಡು ಸಾಲನ್ನು ಅವರು ಮೇಲಿಂದ ಕೆಳಗೆ ಓದಿದರು, ಇನ್ನೊಮ್ಮೆ ಓದಿದರು, ಏಳು ಸಾಲು ಅಳಿಸಿದರು.

“ಭಾಳ ಮಾತಾಡ್ತೀ ನೀನು,” ಎಂದು ಜಾಯ್‌ಸ್ಟಿಕ್ ನನ್ನ ಕೈಗಿಟ್ಟರು.