ಪಾಲಕಿ ನಿಲ್ಲದ ಅಂಗಳ

ಅಂಕೋಲೆಯಿಂದ ಬರುವ ಬಸ್ಸು ನಮ್ಮನ್ನು ಹೊಳೆಯ ಈಚೆಗೇ ಇಳಿಸಿ ತಿರುಗಿಬಿಡುತ್ತದೆ. ಅಲ್ಲಿಂದ ನಮ್ಮೂರಿಗೆ ಗುಡ್ಡದ ದಾರಿ, ಕಾಲೇ ಗತಿ. ಉಳಿದ ದಿನಗಳಲ್ಲಿ ಆ ದಾರಿಯಲ್ಲಿ ಕಟ್ಟಿಗೆ ತರುವವರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ವೈಶಾಖದಲ್ಲಿ ದೇವಿಯ ಪಾಲಕಿ ಗುಡ್ಡ ಹತ್ತುವ ದಿನ ಮಾತ್ರ ಹಾರವಾಡ, ಮಂಜಗುಣಿ, ಅತ್ತ ಕದ್ವಾಡದಿಂದಲೂ ಹರಕೆ ಹೊತ್ತವರು ಬರುತ್ತಾರೆ. ಕೈಯಲ್ಲಿ ತೆಂಗಿನಕಾಯಿಯ ಚೀಲ, ಮುಡಿಯಲ್ಲಿ ಅಬ್ಬಲಿಗೆ, ಕಾಲಿಗೆ ಚಪ್ಪಲಿ ಇಲ್ಲ. ಬಿಸಿಲನ್ನು ಬೈಯುತ್ತಲೇ ಹತ್ತುತ್ತಾರೆ. ಬೈಯದೆ ಹತ್ತಿದ ಭಕ್ತರನ್ನು ನಾನಂತೂ ನೋಡಿಲ್ಲ.

ಮದುವೆಯಾದ ಮೇಲೆ ನಾನು ಅಂಕೋಲೆ ಪೇಟೆಯಲ್ಲಿದ್ದೇನೆ, ಹೊಲಿಗೆ ಕೆಲಸ. ಮದುವೆಗಳ ಸಮಯದಲ್ಲೇ ಅಂಗಡಿ ಮುಚ್ಚಿ ಹೋಗುತ್ತೀಯಲ್ಲ ಎಂದು ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ. ರವಿಕೆ ಒಂದು ದಿನ ತಡವಾಯಿತೆಂದು ಯಾವ ಮದುವೆಯೂ ನಿಂತಿಲ್ಲ. ಅಪ್ಪ ಪಾಲಕಿ ಹೊರುವುದನ್ನು ನಾನು ನೋಡಲೇಬೇಕು.

ಪಾಲಕಿಯ ಮುಂದಿನ ದಂಡಿಗೆಗೆ ಹೆಗಲು ಕೊಡುವುದು ನಮ್ಮ ಮನೆಯವರ ಹಕ್ಕು. ಅಪ್ಪ ಚಿರೆಕಲ್ಲು ಹೊತ್ತು ಸಂಸಾರ ಸಾಗಿಸಿದವನು, ಹೆಗಲಿಗೆ ಭಾರ ಹೊಸತಲ್ಲ. ಕೆಳಗಿನ ಗುಡಿಯಲ್ಲಿ ಎತ್ತಿದ ಪಾಲಕಿ ಮೇಲಿನ ಗುಡಿ ಸೇರುವ ತನಕ ನೆಲ ಮುಟ್ಟುವಂತಿಲ್ಲ. ದಾರಿಯ ಮೇಲಿನ ಪ್ರತಿ ಮನೆಯ ಅಂಗಳದಲ್ಲೂ ಅದು ಹೊತ್ತವರ ಹೆಗಲ ಮೇಲೇ ನಿಂತು ಆರತಿ ತೆಗೆದುಕೊಳ್ಳುತ್ತದೆ. ಒಂದು ಅಂಗಳದಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಅದು ನನ್ನ ಅತ್ತೆಯ ಅಂಗಳ, ಅಪ್ಪನ ಒಡಹುಟ್ಟಿದ ಅಕ್ಕನದು.

ಆದದ್ದು ಇಷ್ಟೇ. ಒಂದು ವರ್ಷ ಪಾಲಕಿಯ ಹಿಂದೆ ಬಂದ ಜನ ಅತ್ತೆಯ ಗಂಡನ ಶೇಂಗಾ ಗದ್ದೆಯನ್ನು ತುಳಿದು ಹಾಕಿದರು. ಮಾವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮರುವರ್ಷ ಪಾಲಕಿಯ ದಾರಿಗೆ ಅಡ್ಡವಾಗಿ ಚಿರೆಕಲ್ಲಿನ ಪಾಗಾರ ಕಟ್ಟಿಬಿಟ್ಟ. ದೇವಿ ಹಳ್ಳದ ಕಲ್ಲುಗಳ ಮೇಲೆ ಸುತ್ತು ಹಾಕಿ ಹೋಗಬೇಕಾಯಿತು. ಊರವರು ಕೂತು ತೀರ್ಮಾನ ಮಾಡಿದರು: ಇನ್ನು ಆ ಅಂಗಳದಲ್ಲಿ ಪಾಲಕಿ ನಿಲ್ಲಿಸುವುದಿಲ್ಲ, ದೇವಿಗೆ ಬೇಕಾದರೆ ಅವಳೇ ನಿಲ್ಲಲಿ. ನಮ್ಮಲ್ಲಿ ದೇವಿ ನಿಲ್ಲುವುದೆಂದರೆ ಪಾಲಕಿ ಇದ್ದಕ್ಕಿದ್ದ ಹಾಗೆ ಭಾರವಾಗುವುದು, ಹೊತ್ತವರ ಕಾಲು ಮುಂದೆ ಸಾಗದಿರುವುದು.

ಮಾವನ ಸಿಟ್ಟು ಒಂದು ಮಳೆಗಾಲ ಬಾಳಲಿಲ್ಲ. ಪಾಗಾರವನ್ನು ತಾನೇ ಕೆಡವಿದ. ಪಾಲಕಿ ಮತ್ತೆ ಹಳೆಯ ದಾರಿಯಲ್ಲೇ ಬರತೊಡಗಿತು, ಆದರೆ ನಿಲ್ಲಲಿಲ್ಲ. ಆ ಅಂಗಳ ಬಂದ ಕೂಡಲೇ ಪಂಚವಾದ್ಯದವರು ಬಸ್ಸು ತಪ್ಪಿಹೋಗುವವರ ಹಾಗೆ ಹೆಜ್ಜೆ ಜೋರು ಮಾಡುತ್ತಿದ್ದರು. ಹಾಗೆಯೇ ವರ್ಷಗಳು ಹೋದವು, ಮಾವನೂ ತೀರಿಕೊಂಡ.

ಅತ್ತೆ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಸಗಣಿ ಸಾರಿಸಿ, ರಂಗೋಲಿ ಹಾಕಿ, ಹರಿವಾಣದಲ್ಲಿ ದೀಪ ಹಚ್ಚಿಕೊಂಡು ಜಗಲಿಯ ಮೇಲೆ ನಿಲ್ಲುವಳು. ಪಾಲಕಿ ರಂಗೋಲಿ ತುಳಿದುಕೊಂಡು ಹೋದ ಮೇಲೆ ದೀಪವನ್ನು ಒಳಗೆ ಒಯ್ಯುವಳು. ಅವಳ ಬಾಯಿಗೆ ಇಡೀ ಊರೇ ಹೆದರುತ್ತದೆ. ಆ ಒಂದು ದಿನ ಮಾತ್ರ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿ ನೆಲ ನೋಡುತ್ತ ನಡೆದುಬಿಡುತ್ತಿದ್ದ. ನನಗೆ ಸಿಟ್ಟು ಬರುತ್ತಿದ್ದುದು ಊರವರ ಮೇಲಲ್ಲ, ಅಪ್ಪನ ಮೇಲೆ.

"ನಿಂತು ಒಂದ್ ಮಾತು ಕೇಳಿದ್ರೆ ನಿನ್ನ ಗಂಟು ಎಂತ ಹೋಗ್ತದೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಊರ ಮಾತು ಅದು. ನಾ ಒಬ್ನೇ ಎಂತ ಕೇಳೂದು? ದೇವಿ ಮನಸ್ಸು ಮಾಡ್ಬೇಕು," ಅಂದ. ದೇವಿಯ ಹೆಸರು ಹೇಳಿದ ಮೇಲೆ ವಾದ ಮಾಡಲು ಏನೂ ಉಳಿಯುವುದಿಲ್ಲ. ನಮ್ಮೂರಿನ ಗಂಡಸರಿಗೆ ಇದು ಚೆನ್ನಾಗಿ ಗೊತ್ತು.

ಮಾವ ಹೋದ ಮರುವರ್ಷದ ಮಾತು. ಚಳಿಗಾಲದಿಂದಲೇ ಅಪ್ಪನ ಎಡ ಮಂಡಿ ಬಾತಿತ್ತು. ಈ ವರ್ಷ ಬೇರೆಯವರಿಗೆ ಬಿಡಿ ಎಂದು ಅಮ್ಮ ಹೇಳಿ ಹೇಳಿ ಸೋತಳು. ಪಂಚೆಯೊಳಗೆ ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ಯಾರಿಗೂ ಹೇಳಬೇಡ ಎಂದು ನನಗೆ ಕಣ್ಣು ಬಿಟ್ಟು, ಅಪ್ಪ ದಂಡಿಗೆಗೆ ಹೆಗಲು ಕೊಟ್ಟ. ನಾನು ಹೆಂಗಸರ ಜೊತೆ ಪಕ್ಕದಲ್ಲೇ ನಡೆದೆ. ಏರು ಶುರುವಾದ ಮೇಲೆ ನನ್ನ ಕಣ್ಣು ದೇವಿಯ ಮುಖದ ಮೇಲೆ ಇರಲೇ ಇಲ್ಲ.

ಅತ್ತೆಯ ಅಂಗಳ ಹೊಕ್ಕಾಗ ಪಾಲಕಿ ನಿಧಾನವಾಯಿತು. ವಾದ್ಯದವರು ಅಭ್ಯಾಸದಂತೆ ಮುಂದೆ ಓಡಿದರು, ಪಾಲಕಿ ಹಿಂದೆ ಉಳಿಯಿತು. ಇನ್ನೊಂದು ಹೆಜ್ಜೆ ಇಟ್ಟು, ರಂಗೋಲಿಯ ಅಂಚಿಗೆ ಬಂದು, ನಿಂತೇಬಿಟ್ಟಿತು.

"ದೇವಿ ನಿಂತ್ಲು!" ಎಂದು ಹಿಂದಿನಿಂದ ಯಾರೋ ಕೂಗಿದರು. ವಾದ್ಯ ನಿಂತಿತು. ಜನ ಕೈ ಮುಗಿದರು, ಹರಕೆಯ ಹೆಂಗಸರು ಅಂಗಳದಲ್ಲೇ ಅಡ್ಡಬಿದ್ದರು. ಮಂಡಿಯ ಗುಟ್ಟು ಗೊತ್ತಿದ್ದ ನನಗೂ ಒಂದು ಗಳಿಗೆ ಮೈ ಝುಂ ಎಂದಿತು. ಗುಡಿಯ ಮೊಕ್ತೇಸರರು ವಯಸ್ಸಾದವರು, ಅಂದು ಆ ತೀರ್ಮಾನ ಹೇಳಿದವರೂ ಅವರೇ. ಅವರ ಕಣ್ಣು ಒದ್ದೆಯಾಗಿತ್ತು.

"ತಂಗೀ, ತಾಯಿ ಮನಸ್ಸು ಮಾಡಿದ್ಲು. ಆರತಿ ತಕಂಡು ಬಾ," ಅಂದರು.

ಅತ್ತೆ ಜಗಲಿಯಿಂದ ಇಳಿಯಲಿಲ್ಲ. ಅವಳು ಅಪ್ಪನ ಕಾಲನ್ನೇ ನೋಡುತ್ತಿದ್ದಳು.

"ನಿಂತದ್ದು ದೇವಿ ಅಲ್ಲ, ಇವನ ಮಂಡಿ," ಅಂದಳು. "ಆ ಗೇರುಮರದ ಹತ್ರದಿಂದ ನೋಡ್ತಾ ಇದ್ದೆ, ಎಡಗಾಲು ಎಳೀತಾ ಬಂದ. ದೇವಿ ನಿಂತ್ರೆ ಆರತಿ ಎತ್ತತೆ. ತಮ್ಮನ ಮಂಡಿ ನಿಂತ್ರೆ ಎಣ್ಣೆ ಹಚ್ತೆ. ಸುಳ್ಳು ಆರತಿ ಎತ್ತೂಕೆ ನಂಗೆ ಆಗೂದಿಲ್ಲ."

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಇಷ್ಟು ವರ್ಷ ಕಾದದ್ದು ಬಾಗಿಲಿಗೆ ಬಂದು ನಿಂತಿದೆ, ಇವಳು ನ್ಯಾಯ ಹೇಳುತ್ತಿದ್ದಾಳೆ! ಸುಮ್ಮನೆ ಆರತಿ ಎತ್ತಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಅತ್ತೆ ಹರಿವಾಣವನ್ನು ಜಗಲಿಯ ಮೇಲಿಟ್ಟು ಇಳಿದು ಬಂದು ಅಪ್ಪನ ರಟ್ಟೆ ಹಿಡಿದಳು. ಹಿಂದಿದ್ದವನೊಬ್ಬ ಮುಂದೆ ಬಂದು ದಂಡಿಗೆಗೆ ಹೆಗಲು ಕೊಟ್ಟ. ಅವಳು ತಮ್ಮನನ್ನು ಕರೆದೊಯ್ದು ಜಗಲಿಯ ಮೇಲೆ ಕೂರಿಸಿದಳು. ಅಪ್ಪನ ಮುಖ ಸುಣ್ಣದಂತೆ ಬಿಳಿಚಿತ್ತು.

ದೇವಿ ನಿಂತಿಲ್ಲವೆಂದ ಮೇಲೆ ಹೊರಡಲೇಬೇಕಲ್ಲ. ಮೊಕ್ತೇಸರರು ವಾದ್ಯದವರಿಗೆ ಕೈ ಸನ್ನೆ ಮಾಡಿದರು. ಆಗ ಅಪ್ಪ ಬಾಯಿಬಿಟ್ಟ.

"ನಿಲ್ಲಿ."

ಅಪ್ಪ ಊರವರ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏಳಲು ನೋಡಿದ, ಆಗಲಿಲ್ಲ. ಕೂತಲ್ಲೇ ಕೈ ಮುಗಿದ.

"ಅಕ್ಕ ಹೇಳಿದ್ದು ಖರೆ. ದೇವಿ ನಿಲ್ಲಲಿಲ್ಲ. ಈಗ ನಾನು ಕೇಳ್ತೆ, ನಮ್ಮ ಅಕ್ಕನ ಆರತಿ ತಕಂಡು ಹೋಗಿ. ಪಾಗಾರ ಇಲ್ಲ, ಕಟ್ಟಿದವ್ರೂ ಇಲ್ಲ. ಇನ್ನೂ ಯಾರ ಮೇಲೆ ಸಿಟ್ಟು?"

ಮೊಕ್ತೇಸರರು ಜನರ ಕಡೆ ನೋಡಿದರು. ಜನ ಅವರ ಕಡೆ ನೋಡಿದರು. ಹಾರವಾಡದ ಮುದುಕಿಯೊಬ್ಬಳು ಒಂದು ಕಾಲೆತ್ತಿ ಇನ್ನೊಂದು ಕಾಲ ಮೇಲೆ ನಿಂತು, "ಕಾಲು ಸುಡ್ತದೆ ಮಾರಾಯ್ರೇ, ಬೇಗ ಆರತಿ ಎತ್ಸಿ," ಅಂದಳು. ಎಲ್ಲರೂ ನಕ್ಕುಬಿಟ್ಟರು. ಮೊಕ್ತೇಸರರೂ ನಕ್ಕು, "ತಾ ತಂಗೀ," ಅಂದರು.

ಅಷ್ಟು ಜೋರಿನ ಹೆಂಗಸಿಗೆ ಕರ್ಪೂರ ಹಚ್ಚಲು ಕೈ ಬರಲಿಲ್ಲ. ಕಡ್ಡಿ ಗೀರಿದವಳು ನಾನು. ಅತ್ತೆ ಆರತಿ ಎತ್ತಿದಳು, ಬಗ್ಗಿ ನಮಸ್ಕರಿಸಿ ಎದ್ದು, ದೇವಿಯ ಮುಖವನ್ನು ಮನಸಾರೆ ನೋಡಿದಳು. ನನಗೆ ಅಳು ಬಂತು. ಪಾಲಕಿ ಮೆಲ್ಲಗೆ ಅಂಗಳ ದಾಟಿತು, ಜನ ಅದರ ಹಿಂದೆ ಗುಡ್ಡ ಹತ್ತಿದರು.

ನಾವು ಮೂವರು ಉಳಿದೆವು. ಅತ್ತೆ ಎಣ್ಣೆ ಬಿಸಿ ಮಾಡಿ ತಂದು, ಮೆಟ್ಟಿಲ ಮೇಲೆ ಕೂತು, ಅಪ್ಪನ ಮಂಡಿ ತಿಕ್ಕತೊಡಗಿದಳು. ಅಪ್ಪನಿಗೆ ನೋವಿನ ನಡುವೆಯೂ ಖುಷಿಯೋ ಖುಷಿ.

"ಎಷ್ಟು ಸಲೀಸಾಗಿ ಆತು ನೋಡಕ್ಕಾ! ಯಾರೂ ಒಂದ್ ಎದುರು ಮಾತು ಆಡ್ಲಿಲ್ಲ."

ಅತ್ತೆಯ ಕೈ ನಿಂತಿತು.

"ಹೌದು, ಯಾರೂ ಆಡ್ಲಿಲ್ಲ," ಅಂದಳು. "ನಿನ್ ಭಾವ ಪ್ರತಿ ವರ್ಷ ಬಾಗ್ಲ ಸಂದೀಲಿ ನಿಂತು ನೋಡ್ತಿದ್ರು. ಈ ವರ್ಷ ನಿನ್ ತಮ್ಮ ಕೇಳ್ತ, ನೋಡು ಅಂತಿದ್ರು. ನೀ ಹೋದ ಮೇಲೆ ಒಳಗೆ ಹೋಗಿ ಮಲಗ್ತಿದ್ರು."

ಬೈಯುವ ದನಿಯಲ್ಲಿ ಹೇಳಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಅವಳು ಹಾಗೆ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನ ಗುಡಿಯ ಗಂಟೆ ಕೇಳಿಸಿತು, ಪಾಲಕಿ ಮುಟ್ಟಿತ್ತು. ಅಪ್ಪ ಆ ಕಡೆ ಕೈ ಮುಗಿಯಲಿಲ್ಲ. ಅಕ್ಕನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ.