ಫೋರ್ ಕಾರ್ಡಿನ ಬೆನ್ನಿಗೆ ಚಿಕ್ಕೋಡಿ

ನನ್ನ ಸೋದರತ್ತೆ ಆಗ ಚಿಕ್ಕೋಡಿಯ ಧರಣಿ ಪೆಂಡಾಲಿನ ಖಾಯಂ ಸದಸ್ಯೆ. ಚಿಕ್ಕೋಡಿ ಜಿಲ್ಲೆಯಾಗಬೇಕು, ಸಣ್ಣ ಕೆಲಸಕ್ಕೂ ಬೆಳಗಾವಿಗೆ ಅಲೆಯುವುದು ತಪ್ಪಬೇಕು ಎಂಬ ಬೇಡಿಕೆ ನಮ್ಮ ಕಡೆ ಬಹಳ ಹಳೆಯದು. ಅತ್ತೆ ಹೊಲದ ಕೆಲಸ ಮುಗಿಸಿ ಬಂದು ಕೂತರೆ, ಘೋಷಣೆ ಕೂಗಿ ಕೂಗಿ ದನಿ ಬಿದ್ದ ಮೇಲೆಯೇ ಮನೆಗೆ ಏಳುತ್ತಿದ್ದಳು. ಅವಳಿಗೆ ಕ್ರಿಕೆಟ್ ಹುಚ್ಚೂ ಅಷ್ಟೇ ಇತ್ತು. ಪುಣೆಯ ವಿಶ್ವಕಪ್ ಪಂದ್ಯಕ್ಕೆ ನನಗೆ ಎರಡು ಟಿಕೆಟ್ ಸಿಕ್ಕಾಗ ಅವಳನ್ನೇ ಕೇಳಿದೆ.

"ಧರಣಿ ಬಿಟ್ಟು ಬರ್ತೀಯೇನು ಅತ್ತಿ?"

"ಜಿಲ್ಲಾ ಆಗೂತನಾ ಮ್ಯಾಚ್ ನೋಡಬಾರದಂತ ಕಾಯ್ದೆ ಐತೇನು?" ಎಂದಳು.

ನಿಪ್ಪಾಣಿಯಲ್ಲಿ ಪುಣೆಯ ಬಸ್ಸು ಹತ್ತಿದೆವು. ಕೊಲ್ಲಾಪುರದಲ್ಲಿ ಬಸ್ಸಿನ ತುಂಬ ನೀಲಿ ಅಂಗಿಯ ಹುಡುಗರು ಹತ್ತಿದರು. ಅತ್ತೆ ಅವರಿಗೆಲ್ಲ ಶೇಂಗಾ ಹೋಳಿಗೆ ಹಂಚಿದಳು. ತಿಂದ ಋಣಕ್ಕೋ ಏನೋ, ಸಾತಾರಾ ದಾಟುವ ಹೊತ್ತಿಗೆ ಆ ಮರಾಠಿ ಹುಡುಗರು "ಇಂಡಿಯಾ, ಇಂಡಿಯಾ" ಎನ್ನುವುದರ ನಡುವೆ "ಚಿಕ್ಕೋಡಿ ಜಿಲ್ಲಾ ಆಗ್ಲಿ" ಎಂದೂ ಕೂಗುತ್ತಿದ್ದರು. ಅರ್ಥವನ್ನು ಒಬ್ಬನೂ ಕೇಳಲಿಲ್ಲ. ನಾನು ನಕ್ಕು ನಕ್ಕು ಬಿಕ್ಕಳಿಸತೊಡಗಿದೆ.

ಸ್ಟೇಡಿಯಂ ಬಾಗಿಲಲ್ಲಿ ಮಹಿಳಾ ಪೊಲೀಸೊಬ್ಬರು ಅತ್ತೆಯನ್ನು ತಡೆದರು. ಯಾರೋ ದೊಡ್ಡ ಮಂತ್ರಿಗಳು ಬರುವವರಿದ್ದರಂತೆ. ಅವರಿಗೆ ಯಾರಾದರೂ ಕಪ್ಪು ಬಾವುಟ ತೋರಿಸಿಯಾರೆಂಬ ಭಯಕ್ಕೆ ಕಪ್ಪು ಬಟ್ಟೆಯನ್ನೇ ಒಳಗೆ ಬಿಡುತ್ತಿರಲಿಲ್ಲ. ಅತ್ತೆ ಉಟ್ಟದ್ದು ತನ್ನ ಅತಿ ಪ್ರೀತಿಯ ಚಂದ್ರಕಾಳಿ ಸೀರೆ. ಕೆಂಪು ಅಂಚು ಬಿಟ್ಟರೆ ಉಳಿದದ್ದೆಲ್ಲ ಕಡುಗಪ್ಪು.

"ಮಾವಶಿ, ಕಾಳಂ ನಾಹೀ ಚಾಲಣಾರ," ಕಪ್ಪು ನಡೆಯೋದಿಲ್ಲ, ಎಂದರು ಆಕೆ.

ಅತ್ತೆ ಮರಾಠಿಯಲ್ಲೇ, "ನನ್ನ ತಲೆಗೂದಲೂ ಕಪ್ಪೇ. ಬೋಳಿಸಿಕೊಂಡು ಬರಲೇನು?" ಎಂದು ಕೇಳಿದಳು. ಹಿಂದಿನ ಸಾಲೆಲ್ಲ ಗೊಳ್ಳೆಂದಿತು. ಪೊಲೀಸಮ್ಮ ನಗು ತಡೆದುಕೊಂಡು, ರಸ್ತೆಬದಿಯಲ್ಲಿ ಮಾರುತ್ತಿದ್ದ ನೀಲಿ ಜೆರ್ಸಿಗಳತ್ತ ಬೆರಳು ತೋರಿಸಿದರು. ಎಲ್ಲಕ್ಕಿಂತ ದೊಡ್ಡದನ್ನು ತಂದು ಸೀರೆಯ ಮೇಲೆಯೇ ತೊಡಿಸಿದೆ. ಮೊಣಕಾಲಿನವರೆಗೆ ಅತ್ತೆ ಭಾರತ ತಂಡ, ಅದರ ಕೆಳಗೆ ಚಂದ್ರಕಾಳಿ. ಪೊಲೀಸಮ್ಮ ಮೇಲರ್ಧವನ್ನಷ್ಟೇ ನೋಡಿದಂತೆ ಮಾಡಿ ಒಳಗೆ ಬಿಟ್ಟರು.

ಬಾಗಿಲಲ್ಲಿ ಚೀಲ, ಜೇಬು, ನೀರಿನ ಬಾಟ್ಲಿ ಎಲ್ಲ ತಪಾಸಣೆಯಾಗಿತ್ತು. ಒಳಗೆ ಹೋದರೆ ಜಾಹೀರಾತಿನ ಕಂಪನಿಯವರೇ ಎಲ್ಲರಿಗೂ ದೊಡ್ಡ ರಟ್ಟಿನ ಕಾರ್ಡು ಹಂಚುತ್ತಿದ್ದರು. ಮುಂದೆ ನಾಲ್ಕೆಂಬ ಅಂಕಿ, ಹಿಂದೆ ಬರೀ ಬಿಳಿ. ಅತ್ತೆ ಬಿಳಿ ಬದಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಬ್ಯಾಡ ಅತ್ತಿ."

"ನಾ ಏನರ ಅಂದೇನೇನು?"

ಪಕ್ಕದ ಹುಡುಗಿ ಕೆನ್ನೆಗೆ ಬಾವುಟ ಬರೆದುಕೊಳ್ಳುತ್ತಿದ್ದಳು. ಅವಳ ಹಸಿರು ಬಣ್ಣದಲ್ಲಿ ಬೆರಳದ್ದಿ ಅತ್ತೆ ಬರೆದೇಬಿಟ್ಟಳು: ಚಿಕ್ಕೋಡಿ ಜಿಲ್ಲೆ ಆಗಲಿ. ಮುಂದಿನ ಬೌಂಡರಿಗೆ ಎಲ್ಲರ ಕಾರ್ಡುಗಳೂ ಮೇಲೆದ್ದವು. ಅತ್ತೆಯದು ಬೆನ್ನು ತಿರುಗಿಸಿಕೊಂಡು ಎದ್ದಿತು. ಸೀರೆಯ ಮೇಲೆ ಜೆರ್ಸಿ ತೊಟ್ಟು ಕುಣಿಯುವ ಹೆಂಗಸನ್ನು ಕ್ಯಾಮೆರಾದವರು ಬಿಟ್ಟಾರೆಯೇ? ಮೈದಾನದ ದೊಡ್ಡ ಪರದೆಯ ತುಂಬ ಅವಳೇ! ನಾನೂ ಎದ್ದು ಕಿರುಚಿದೆ. ಏನು ಕಿರುಚಿದೆನೋ ಈಗಲೂ ನೆನಪಿಲ್ಲ.

ಇಬ್ಬರು ಪೊಲೀಸರು ಬಂದು ನಮ್ಮನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆದೊಯ್ದರು. ಅಲ್ಲಿದ್ದ ಸಾಹೇಬರು ಕನ್ನಡ ಅಕ್ಷರ ನೋಡಿದ್ದೇ ಬೆವರಿದರು. ಗಡಿಯ ತಕರಾರಿರಬೇಕೆಂದು ಅವರ ಗುಮಾನಿ. ನಾವು ಹೇಳಿದ್ದನ್ನು ನಂಬದೆ, ಫೋಟೊ ತೆಗೆದು ಕನ್ನಡ ಬಲ್ಲ ಸಿಬ್ಬಂದಿಯೊಬ್ಬರಿಗೆ ಕಳಿಸಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಮೊದಲು ನಗು ಕೇಳಿಸಿತು.

"ಸಾಹೇಬ್, ಇದು ಅವರ ಸರಕಾರದ ತಲೆನೋವು, ನಮ್ಮದಲ್ಲ," ಎಂದು ಮರಾಠಿಯಲ್ಲಿ ಹೇಳಿ, ಅವರು ನಮ್ಮತ್ತ ಕನ್ನಡಕ್ಕೆ ಹೊರಳಿದರು: "ಅಕ್ಕಾರ, ಇದನ್ನ ಬೆಂಗಳೂರಾಗ ತೋರಸ್ರಿ. ಇಲ್ಲಿ ಮಾಡಿಕೊಡವರು ಯಾರೂ ಇಲ್ರಿ."

"ಅಲ್ಲಿ ಟಿಕೆಟ್ ಸಿಗಲಿಲ್ರೀ," ಎಂದಳು ಅತ್ತೆ.

ಸಾಹೇಬರಿಗೆ ಉಸಿರು ಬಂತು. ಆದರೂ ಘೋಷಣೆ ಬರೆದದ್ದನ್ನು ಒಳಗೆ ಬಿಡುವಂತಿಲ್ಲವೆಂದು ಕಾರ್ಡು ಇಟ್ಟುಕೊಂಡು, ಚಹಾ ಕುಡಿಸಿ, ನಮ್ಮನ್ನು ಸೀಟಿಗೆ ಕಳಿಸಿದರು. ಅಷ್ಟರಲ್ಲಿ ಭಾರತದ ಎರಡು ವಿಕೆಟ್ ಹೋಗಿದ್ದವು. ಅತ್ತೆಗೆ ಸರಕಾರದ ಮೇಲೆ ನಿಜವಾದ ಸಿಟ್ಟು ಬಂದದ್ದು ಆಗಲೇ. ನಮ್ಮವರು ಗೆದ್ದ ಮೇಲೆ ಅದೂ ಇಳಿಯಿತು. ಬಸ್ ಸ್ಟ್ಯಾಂಡಿನವರೆಗೂ ಗುರುತಿಲ್ಲದವರ ಕೈ ಹಿಡಿದು ಕುಣಿಯುತ್ತಲೇ ಹೋದೆವು.

ಊರಿಗೆ ಬಂದು ಕೇಳಿದರೆ ಟಿವಿಯಲ್ಲಿ ಅತ್ತೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದಿದ್ದಳು. ಕಾರ್ಡು ಪೂರ್ತಿ ಮೇಲೇಳುವ ಮೊದಲೇ ಜಾಹೀರಾತು ಹಾಕಿಬಿಟ್ಟಿದ್ದರು. "ಚಿಕ್ಕೋ" ಅಂತಷ್ಟೇ ಕಂಡಿತೆಂದು ಕೆಲವರು, ಇಡೀ ಸಾಲು ಓದಿದೆವೆಂದು ಆಣೆ ಮಾಡುವವರು ಕೆಲವರು. ಪೆಂಡಾಲಿನಲ್ಲಿ ಅವಳಿಗೆ ಹಾರ ಹಾಕಿದರು. ಆ ವಾರ ಮನವಿ ತೆಗೆದುಕೊಳ್ಳಲು ಬಂದ ಅಧಿಕಾರಿಯೂ ಕಾಗದವನ್ನು ಓದದೆ ಮಡಚಿಟ್ಟುಕೊಂಡು, ಅತ್ತೆಯ ಪಕ್ಕದ ಕುರ್ಚಿಗೆ ಸರಿದು ಮೆಲ್ಲಗೆ ಕೇಳಿದರು:

"ಪಿಚ್ ಹತ್ತಿರದಿಂದ ಹೆಂಗ ಕಾಣ್ತತ್ರಿ?"

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ, ಮೊದಲ ಓವರಿನಿಂದ ಹೇಳತೊಡಗಿದಳು.