ಗಂಜಿ ಹಚ್ಚಿದ ಕುರಿ ರಾಕೆಟ್ಟು

ರಾಕೆಟ್ಟಿಗೆ ಕುರಿಯ ವೇಷ ಹಾಕೋಣ ಎಂದವನು ನನ್ನ ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಟೀಚರಮ್ಮ ತಲೆ ಕೆಟ್ಟು ಕುರಿ ಹಾರಿಸಲು ಹೋಗಿದ್ದಳು ಎಂದು ಊರಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ತಲೆ ಕೆಟ್ಟಿದ್ದು ನಿಜ. ಕುರಿ ಮಾತ್ರ ನನ್ನದಲ್ಲ.

ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಾರವೆಲ್ಲ ಅಲ್ಲಿ ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ದೇವಸಮುದ್ರದ ಹತ್ತಿರದ ನಮ್ಮೂರಿಗೆ. ಮನೆಯಲ್ಲಿ ಅವ್ವ ಮತ್ತು ತಮ್ಮ. ಅವ್ವ ಉಣ್ಣೆ ನೂಲುತ್ತಾಳೆ, ಕಂಬಳಿ ನೇಯುವವರಿಗೆ ನೂಲು ಹದ ಮಾಡಿ ಕೊಡುತ್ತಾಳೆ. ತಮ್ಮನಿಗೆ ರಾಂಪುರದಲ್ಲಿ, ಬಳ್ಳಾರಿ ರಸ್ತೆಯ ಮೇಲೆ, ಒಂದು ಪಂಚರ್ ಅಂಗಡಿ. ಒಂದು ವರ್ಷದಿಂದ ಅದರ ಶಟರು ಎಳೆದೇ ಇತ್ತು. ಲಾರಿ ಟಯರಿಗೆ ಗಾಳಿ ತುಂಬುವಾಗ ಟಯರು ಸಿಡಿದು ಅವನ ಬಲಗೈಯ ಎರಡು ಬೆರಳು ಮಡಚದ ಹಾಗಾಗಿತ್ತು. ಕೈ ನಿಧಾನಕ್ಕೆ ಕೆಲಸಕ್ಕೆ ಬಂತು. ಅವನು ಬರಲಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೂ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಮೂವತ್ತೆರಡು ವರ್ಷದ ಗಂಡಸು, ಗೋಡೆಗೆ ಮುಖ ಮಾಡಿಕೊಂಡು.

ನನಗೆ ತಾಳ್ಮೆ ಕಡಿಮೆ. ಮಕ್ಕಳಿಗೆ ಒಂದು ಸಲ ಹೇಳಿದ್ದು ತಲೆಗೆ ಹೋಗದಿದ್ದರೆ ಎರಡನೇ ಸಲಕ್ಕೆ ನನ್ನ ದನಿ ಏರಿರುತ್ತದೆ. ತಮ್ಮನ ಮೇಲೂ ರೇಗಿ ನೋಡಿದೆ, ಅತ್ತು ನೋಡಿದೆ. ಎರಡೂ ಆಗಲಿಲ್ಲ. ಕೊನೆಗೆ ಒಂದು ಸುಳ್ಳು ಹೇಳಿದೆ. ಮಕ್ಕಳಿಗೆ ಕ್ರಿಯೆ ಪ್ರತಿಕ್ರಿಯೆಯ ಪಾಠಕ್ಕೆ ನೀರಿನ ರಾಕೆಟ್ಟು ತೋರಿಸಬೇಕು, ನನಗೆ ಅದನ್ನು ಕಟ್ಟಲು ಬರುವುದಿಲ್ಲ ಎಂದೆ. ತಂಪು ಪಾನೀಯದ ದೊಡ್ಡ ಬಾಟಲಿ, ಅದರಲ್ಲಿ ಮೂರನೇ ಒಂದು ಭಾಗ ನೀರು, ಬಾಯಿಗೆ ರಬ್ಬರಿನ ಬಿರಡೆ, ಬಿರಡೆಗೆ ಸೈಕಲ್ ಟ್ಯೂಬಿನ ವಾಲು. ತಲೆಕೆಳಗಾಗಿ ನಿಲ್ಲಿಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಹೋಗುತ್ತದೆ. ಅಷ್ಟೇ. ಲೆಕ್ಕಾಚಾರ ನನ್ನದು, ಅವನು ಪಂಪು ಹಿಡಿಯಬೇಕು ಎನ್ನುವುದೊಂದೇ ನನ್ನ ಆಸೆ. ಇವತ್ತು ಸೈಕಲ್ ಪಂಪು ಹಿಡಿದವನು ನಾಳೆ ಅಂಗಡಿಯ ಕಂಪ್ರೆಸರ್ ಮುಟ್ಟಿಯಾನು, ನಾಡಿದ್ದು ಶಟರು ಎತ್ತಿಯಾನು.

ಮೊದಲ ಭಾನುವಾರ ಊರಾಚೆಯ ಬೀಳು ಹೊಲದಲ್ಲಿ ನಾನೇ ಪಂಪು ಹೊಡೆದೆ. ಬಿರಡೆ ಸಡಿಲವಿತ್ತು, ಹತ್ತು ಸಲ ಹೊಡೆಯುವಷ್ಟರಲ್ಲೇ ಕಿತ್ತುಕೊಂಡು ನೀರೆಲ್ಲ ನನ್ನ ಸೀರೆಯ ಮೇಲೆ. ತಮ್ಮ ದೂರದಲ್ಲಿ ನಿಂತಿದ್ದವನು ತಡೆಯಲಾರದೆ ಬಂದ. "ಹಂಗಲ್ಲಕ್ಕ, ವಾಲ್ ಹಂಗ್ ಕೂರಿಸ್ತಾರಾ ಯಾರಾದ್ರೂ?" ಎಂದು ಬಿರಡೆಯನ್ನು ಕಿತ್ತುಕೊಂಡ. ಆ ಸಂಜೆಯೇ ತಂತಿ ಬಗ್ಗಿಸಿ, ಹಗ್ಗ ಎಳೆದಾಗಷ್ಟೇ ಬಾಟಲಿಯನ್ನು ಬಿಡುವ ಕೊಕ್ಕೆಯೊಂದನ್ನು ಮಾಡಿದ. ಮಡಚದ ಎರಡು ಬೆರಳನ್ನು ಹೊರಗೆ ಚಾಚಿಕೊಂಡೇ ಪಂಪು ಹಿಡಿದ. ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದ. ನಲವತ್ತು ಹೊಡೆದ ಮೇಲೆ ಹಗ್ಗ ಎಳೆದ. ಬಾಟಲಿ ಬೇವಿನ ಮರ ದಾಟಿ ಹೋಯಿತು. ಅವನು ಅದನ್ನು ಕುತ್ತಿಗೆ ಎತ್ತಿ ನೋಡಿದ. ನಾನು ಅವನನ್ನು ನೋಡಿದೆ.

"ಬರೀ ಬಾಟ್ಲಿ ಏನ್ ಚಂದಕ್ಕ? ಕುರಿ ಮಾಡಾಣ" ಎಂದಿದ್ದು ಆಗ.

ಆ ವಾರ ನನಗೆ ಪಾಠದಲ್ಲಿ ಮನಸ್ಸಿರಲಿಲ್ಲ. ಶನಿವಾರ ಬಂದು ನೋಡಿದರೆ ಜಗುಲಿಯ ತುಂಬ ಸಾಮಾನು. ಹಳೇ ಟ್ಯೂಬಿನಿಂದ ಎರಡು ಕಿವಿ ಕತ್ತರಿಸಿದ್ದ. ನಾಲ್ಕು ರಟ್ಟಿನ ಕಾಲುಗಳೇ ರೆಕ್ಕೆಯ ಕೆಲಸ ಮಾಡುವಂತೆ ಬಾಟಲಿಯ ಬಾಯಿಯ ಕಡೆಗೆ ಕಟ್ಟಿದ್ದ. ಬಾಟಲಿಯ ಬುಡಕ್ಕೆ ಮೂತಿ, ಬಾಯಿ ಇರುವಲ್ಲಿ ಬಾಲ. "ಉಚ್ಚೆ ಹೊಯ್ಕಂಡು ಹಾರತೈತೆ ನಮ್ ಕುರಿ" ಎಂದು ನಕ್ಕ. ಅವನು ನಗುವುದನ್ನು ಕೇಳಿ ಅವ್ವ ಒಳಗಿನಿಂದ ಓಡಿಬಂದಳು. ಬಂದವಳು ಸುಮ್ಮನೆ ಇರಲಿಲ್ಲ, ತಾನೂ ಕೈ ಹಾಕಿದಳು.

ಬೋಳು ಬಾಟಲಿಗೆ ಉಣ್ಣೆ ಬೇಕೆಂದು ಅವಳ ಹಟ. ಕರಿ ಉಣ್ಣೆಯನ್ನು ತೆಳ್ಳಗೆ ಹಿಂಜಿ ಸುತ್ತಿದಳು. ಅದು ಉದುರಬಾರದಲ್ಲ, ಅದಕ್ಕೆ ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿ ತಂದಳು. ಹುಣಸೆ ಬೀಜ ಹುರಿದು, ನೆನೆಸಿ, ರುಬ್ಬಿ ಕಾಯಿಸುವ ಗಂಜಿ ಅದು, ಕಂಬಳಿಯ ನೂಲಿಗೆ ಹಚ್ಚುವುದು. ಹಚ್ಚಿದರೆ ನೂಲು ಕಡ್ಡಿಯ ಹಾಗೆ ನಿಲ್ಲುತ್ತದೆ. ಆರಿದರೆ ಹಿಡಿಯುವುದಿಲ್ಲ, ಬಿಸಿಯಾಗಿದ್ದಾಗಲೇ ಹಚ್ಚಬೇಕು ಎನ್ನುವುದು ನಮ್ಮ ಮನೆಯಲ್ಲಿ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಮಾತು. ಅವ್ವ ಕುದಿ ಕುದಿಯುವುದನ್ನೇ ಕುಂಚದಲ್ಲಿ ಎತ್ತಿ ಎತ್ತಿ ಕುರಿಯ ಮೈಗೆಲ್ಲ ಬಳಿದಳು. ಹೊಟ್ಟೆಯ ಹತ್ತಿರ ಬಾಟಲಿ ಒಂಚೂರು ಒಳಕ್ಕೆ ಹೋದ ಹಾಗೆ ನನಗೆ ಕಂಡಿತು. ಮೇಯ್ದು ಬಂದ ಕುರಿಯಲ್ಲ, ಹಸಿದ ಕುರಿ ಎಂದು ನಾನೇ ತಮಾಷೆ ಮಾಡಿದೆ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುವವಳು ನಾನು. ಅವತ್ತು ಅದು ನೆನಪಾಗಲಿಲ್ಲ. ನಮ್ಮ ಮನೆಯ ಗಂಜಿಯಿಂದ ಕೇಡಾದೀತು ಎಂದು ಯಾಕೆ ಅನ್ನಿಸಬೇಕು?

ಭಾನುವಾರ ಬೆಳಿಗ್ಗೆ ಬೀಳಿಗೆ ಹೋದೆವು. ಸುದ್ದಿ ಹಬ್ಬಿ ಏಳೆಂಟು ಜನ ಸೇರಿದ್ದರು. ಕುರಿ ಮೇಯಿಸುವ ಒಬ್ಬ ಮುದುಕ ಕೋಲಿಗೆ ಗಲ್ಲ ಊರಿ ನಿಂತು, "ಗೊರ್ರೆ ಎಗುರುತುಂದಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಕುರಿ ಹಾರುತ್ತದೆ, ನೋಡುತ್ತಿರು ಎಂದೆ. ಎಲ್ಲರೂ ನಕ್ಕರು. ಮೊದಲ ಸಲ ಇಪ್ಪತ್ತು ಹೊಡೆದು ಬಿಟ್ಟಾಗ ಕುರಿ ಆಳುದ್ದ ಎದ್ದು ಮಗುಚಿಕೊಂಡು ಬಿತ್ತು. ಉಣ್ಣೆ, ಗಂಜಿ, ಕಿವಿ ಎಲ್ಲ ಸೇರಿ ಭಾರ ಜಾಸ್ತಿಯಾಗಿತ್ತು. "ಹೊಟ್ಟಿಗೆ ಏನಾರ ಹಾಕ್ರೋ ಅದಕ್ಕೆ" ಎಂದು ಯಾರೋ ಕೂಗಿದರು. ನನಗೆ ಕೆನ್ನೆ ಬಿಸಿಯಾಯಿತು. ಆ ನಗು ತಮ್ಮನನ್ನು ಮತ್ತೆ ಹಿತ್ತಲಿಗೆ ಕಳಿಸುತ್ತದೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳೇಕೆ, ನನಗೇ ಅವಮಾನವಾಯಿತು.

ಎರಡನೇ ಸಲ ನೀರು ತುಂಬಿದೆವು. ತಮ್ಮ ಎಣಿಸುತ್ತಾ ಹೊಡೆದ. ಮೂವತ್ತಕ್ಕೆ ನಿಲ್ಲಿಸಿದ.

"ಸಾಕಕ್ಕ. ಒಳಗೇನೋ ಚಿಟ್ ಅಂತು."

"ಬೋಳು ಬಾಟ್ಲಿ ನಲವತ್ತು ತಡ್ಕಂಡಿತ್ತು. ಏನೂ ಆಗಲ್ಲ, ಹೊಡಿ" ಎಂದೆ. ಕ್ಲಾಸಿನಲ್ಲಿ ಗದರುವ ದನಿಯಲ್ಲೇ ಹೇಳಿದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ಹೊಡೆದ.

ಬಾಟಲಿ ಹೊಟ್ಟೆಯ ಹತ್ತಿರ ಸಿಡಿಯಿತು. ದೊಡ್ಡ ಅನಾಹುತವೇನಲ್ಲ, ಯಾರಿಗೂ ಗೀರು ಕೂಡ ಆಗಲಿಲ್ಲ. ಒದ್ದೆ ಉಣ್ಣೆ ನಾಲ್ಕು ಕಡೆ ಚೆಲ್ಲಿತು, ಒಂದು ಕಿವಿ ಮುದುಕನ ಕಾಲ ಬುಡಕ್ಕೆ ಬಿತ್ತು. ಆದರೆ ಸದ್ದು ಮಾತ್ರ ಟಯರಿನದೇ. ನಾನು ತಿರುಗಿ ನೋಡುವಷ್ಟರಲ್ಲಿ ತಮ್ಮ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಲಗೈಯನ್ನು ಎದೆಗವುಚಿಕೊಂಡಿದ್ದ. ಅವನ ಪಂಚೆ ಒದ್ದೆಯಾಗಿತ್ತು. ಅದು ರಾಕೆಟ್ಟಿನ ನೀರಲ್ಲ. ನಗುತ್ತಿದ್ದವರು ನಗು ನಿಲ್ಲಿಸಿದರು. ನನಗೆ ಅದು ನಗುವಿಗಿಂತ ಕಷ್ಟವಾಯಿತು.

ಮನೆಗೆ ಬಂದ ಮೇಲೆ ಅವ್ವ ಗಂಜಿ ಇನ್ನೊಂದು ಕೈ ಹಚ್ಚಿದ್ದರೆ ಗಟ್ಟಿಯಾಗುತ್ತಿತ್ತೇನೋ ಎಂದಳು. ಒಡೆದ ಬಾಟಲಿಯನ್ನು ಚಳ್ಳಕೆರೆಗೆ ಒಯ್ದೆ. ರೂಮಿನಲ್ಲಿ ಅಂಥದ್ದೇ ಇನ್ನೊಂದು ಬಾಟಲಿಗೆ ಕುದಿವ ನೀರು ಹೊಯ್ದೆ. ಅದು ಸುಟ್ಟ ಬದನೆಕಾಯಿಯ ಹಾಗೆ ಮುದುಡಿತು.

ಮುಂದಿನ ಶನಿವಾರ ಎರಡನ್ನೂ ಅವನ ಮುಂದಿಟ್ಟೆ. ಅವ್ವ ಕಿರಾಣಿ ಅಂಗಡಿಗೆ ಹೋಗಿದ್ದಳು.

"ಬಿಸಿಗೆ ಬಾಟ್ಲಿ ಮೊದ್ಲೇ ಸತ್ತಿತ್ತು ಕಣೋ. ನಿನ್ನ ಲೆಕ್ಕ ತಪ್ಪಿಲ್ಲ, ಕೈ ತಪ್ಪಿಲ್ಲ. ಚಿಟ್ ಅಂದಿದ್ದು ನಂಗೆ ಕೇಳಿಸ್ಲಿಲ್ಲ, ನಿಂಗೆ ಕೇಳಿಸ್ತು. ನೀನು ನಿಲ್ಸಿದ್ದೇ ಸರಿ. ತಪ್ಪು ನಂದು" ಎಂದೆ. ನಾನು ಯಾರ ಹತ್ತಿರವೂ ತಪ್ಪು ನನ್ನದು ಎಂದವಳಲ್ಲ. ಅದನ್ನು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಅವನು ಬಾಟಲಿಗಳನ್ನು ಮುಟ್ಟಲಿಲ್ಲ.

"ಗೊತ್ತಕ್ಕ" ಎಂದ. "ಅವತ್ತು ಅಂಗಡೀಲೂ ನಂಗೆ ಗೊತ್ತಾಗಿತ್ತು. ಟಯರು ಸದ್ದು ಮಾಡ್ತು. ಸಾಕಣ್ಣ ಅಂದೆ. ಡ್ರೈವರು ಏನೂ ಆಗಲ್ಲ, ಇನ್ನೊಂಚೂರು ಹಿಡಿ ಅಂದ. ಹಿಡಿದೆ."

ಒಂದು ವರ್ಷದಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಕೈ ಹೋಗಿದ್ದಕ್ಕೆ ಹೆದರಿಕೆ ಅನ್ಕಂಡಿದೀರ ನೀವು. ಅದಲ್ಲಕ್ಕ. ನಂಗೆ ಗೊತ್ತಾಗತೈತೆ, ಆದ್ರೂ ಪಕ್ಕದಾಗೆ ನಿಂತೋರು ಹೊಡಿ ಅಂದ್ರೆ ಹೊಡಿತೀನಿ. ಈ ಸಲ ನೋಡನ ಅನ್ಕಂಡೇ ಪಂಪ್ ಹಿಡಿದಿದ್ದೆ. ನೀನು ಹೇಳಿದೆ, ಹೊಡೆದೆ."

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಅವನು ನನ್ನ ಕೈ ಸರಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಂಗಡಿಯ ಕಂಪ್ರೆಸರನ್ನು ಮಾರಿಬಿಟ್ಟಿದ್ದೇನೆ, ಬಿ.ಜಿ. ಕೆರೆಯವರೊಬ್ಬರು ಸೋಮವಾರ ಬಂದು ಒಯ್ಯುತ್ತಾರೆ ಎಂದ. ಬೇಡ ಎನ್ನಲು ಬಾಯಿ ತೆರೆದೆ. ನಾನು ಬೇಡ ಎಂದರೆ ಅವನು ಅದಕ್ಕೂ ಆಗಲಿ ಎನ್ನುತ್ತಾನೆ ಎಂದು ಹೊಳೆದು, ಬಾಯಿ ಮುಚ್ಚಿಕೊಂಡೆ.